ಹಿಂದಿನ ಸೀಟಿನ ಎಡಮಗ್ಗುಲು

ತಿರುಪನ್ನು ನಾನು ತಿರುಗಿಸಲಿಲ್ಲ, ತಿರುಗಿಸಿದ್ದೇನೆಂದು ಹೇಳಿದೆ. ಹೇಳಿದ್ದು ಸುಶೀಲಾ ಮೇಡಂ ಅವರಿಗೆ — ನನ್ನ ಕಾರಿನ ಹಿಂದಿನ ಸೀಟಿನ ಎಡಮಗ್ಗುಲಿಗೆ ಕುಳಿತು, ಬಸವಕಲ್ಯಾಣದಿಂದ ಹುಮನಾಬಾದಿನ ಆಚೆಗಿದ್ದ ನಮ್ಮ ಪ್ರೌಢಶಾಲೆಗೆ ದಿನಾಲೂ ಬರುತ್ತಿದ್ದ ಗಣಿತ ಶಿಕ್ಷಕಿಗೆ. ಆ ಸುಳ್ಳಿಗೆ ಅವರು ಕೊಟ್ಟ ಉತ್ತರವನ್ನು ಅವರ ವಿರುದ್ಧವೇ ಸಾಕ್ಷಿಯಾಗಿ ಬಳಸಿದೆ. ಇಷ್ಟನ್ನೇ ಬರೆದು ಲೇಖನಿ ಕೆಳಗಿಡಬಹುದಿತ್ತು; ತಪ್ಪು ಇಷ್ಟರಲ್ಲೇ ಇದೆ. ಆದರೆ ಇಷ್ಟನ್ನೇ ಹೇಳಿದರೆ ಅದು ಒಂದು ಕ್ಷಣದ ಎಡವಟ್ಟಿನಂತೆ ಕಾಣುತ್ತದೆ. ಅದು ಎಡವಟ್ಟಾಗಿರಲಿಲ್ಲ. ನಾನು ಏನನ್ನೂ ಯೋಚಿಸದೆ ಮಾಡುವ ಮನುಷ್ಯನಲ್ಲ.

ನಾನು ಕನ್ನಡ ಕಲಿಸುತ್ತಿದ್ದೆ. ಈಗ ಆ ಕೆಲಸದಲ್ಲಿಲ್ಲ. ಕಲಿಸುತ್ತಿದ್ದಷ್ಟು ಕಾಲವೂ ನನ್ನ ತರಗತಿಯಲ್ಲಿ ತಪ್ಪು ವಾಕ್ಯಕ್ಕೆ ಜಾಗವಿರಲಿಲ್ಲ. ನನ್ನದೊಂದು ಪದ್ಧತಿಯಿತ್ತು — ಹಲಗೆಯ ಮೇಲೆ ಬೇಕೆಂದೇ ಒಂದು ತಪ್ಪು ವಾಕ್ಯ ಬರೆದು, "ಸರಿಯಾಗಿದೆಯೇ?" ಎಂದು ಗಂಭೀರವಾಗಿ ಕೇಳುತ್ತಿದ್ದೆ. "ಹೌದ್ರಿ ಸರ್" ಎಂದ ಮಕ್ಕಳನ್ನೆಲ್ಲ ಎದ್ದು ನಿಲ್ಲಿಸುತ್ತಿದ್ದೆ. ತಿಳಿಯದೆ ತಲೆಯಾಡಿಸುವವರನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ನಂಬಿದ್ದೆ. ಆ ಮಕ್ಕಳು ಏಕೆ ತಲೆಯಾಡಿಸುತ್ತಿದ್ದರು — ಅದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಶಾಲೆಗೆ ಹೋಗುವಾಗ ಹುಮನಾಬಾದಿನವರೆಗೆ ಹೆದ್ದಾರಿ ಸುಗಮವಾಗಿತ್ತು. ಅದರಾಚೆ ಹುಡಗಿ ಎಂಬ ಊರು ದಾಟಿ ಒಳರಸ್ತೆಗೆ ತಿರುಗಿದ ಮೇಲೆ ರಸ್ತೆಯೆಂಬುದು ಹೆಸರಿಗಷ್ಟೇ. ಎರೆಮಣ್ಣಿನ ನೆಲ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲೆ ಹಾಸಿದ ಡಾಂಬರು ಅದರೊಂದಿಗೆ ಏರಿಳಿದು ಅಲೆಯಲೆಯಾಗಿ ನಿಲ್ಲುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗಿ ಉಳಿದದ್ದನ್ನೂ ಕಿತ್ತುಹಾಕಿದ್ದವು. ಶಾಲೆಯಿದ್ದ ಊರಿನ ಹಳ್ಳದ ಬಳಿ ಒಂದು ಸಣ್ಣ ಸೇತುವೆಯಿತ್ತು. ಅದರ ಎರಡೂ ತುದಿಗೆ ರಸ್ತೆ ಕುಸಿದು, ಸೇತುವೆ ಮಾತ್ರ ಗೂನುಬೆನ್ನಿನಂತೆ ಎದ್ದು ನಿಂತಿತ್ತು.

ಕಾರು ನನ್ನದು. ಅದರಲ್ಲಿ ನಾವು ನಾಲ್ವರು — ಚಾಲಕನ ಜಾಗದಲ್ಲಿ ನಾನು, ಪಕ್ಕದಲ್ಲಿ ಹೆಡ್ ಮಾಸ್ತರರು, ಹಿಂದೆ ಬಲಕ್ಕೆ ದೈಹಿಕ ಶಿಕ್ಷಕ ಅಶೋಕ, ಎಡಕ್ಕೆ ಸುಶೀಲಾ ಮೇಡಂ. ಮುಂದಿನ ಸೀಟು ಹೆಡ್ ಮಾಸ್ತರರದು ಎಂಬುದನ್ನು ಯಾರೂ ಗೊತ್ತುಮಾಡಿರಲಿಲ್ಲ. ಸಭೆಯಲ್ಲಿ ನಡುವಿನ ಕುರ್ಚಿ ಯಾರದೆಂದು ಯಾರೂ ಹೇಳಬೇಕಾಗಿಲ್ಲವಲ್ಲ, ಹಾಗೆ. ನಾಲ್ವರೂ ಕುಳಿತರೆ ಹಳೆಯ ಕಾರು ಹಿಂಭಾಗದಲ್ಲಿ ಕುಸಿಯುತ್ತಿತ್ತು. ಆ ಗೂನು ಸೇತುವೆಯ ಮೇಲೆ ಅದರ ತಳ ದಿನಕ್ಕೆರಡು ಸಲ ಉಜ್ಜುತ್ತಿತ್ತು.

"ಮಾಸ್ತರ, ನಿಮ್ಮ ಗಾಡಿ ಹೊಟ್ಟಿ ತುರಿಸ್ಕೊಳ್ಳಾಕತ್ತದ ನೋಡ್ರಿ" ಎಂದು ಹೆಡ್ ಮಾಸ್ತರರು ನಗುತ್ತಿದ್ದರು.

ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ. ತಳ ಉಜ್ಜುವ ಸದ್ದು ಕೇಳಿದಾಗಲೆಲ್ಲ, ಯಾರೋ ನನ್ನ ತಪ್ಪನ್ನು ಎಲ್ಲರೆದುರು ಓದಿ ತೋರಿಸಿದಂತಾಗುತ್ತಿತ್ತು.

ಹೀಗಾಗಿ ರಸ್ತೆಯ ಏಟನ್ನು ಹೀರುವ ಹೊಸ ಸಸ್ಪೆನ್ಶನ್ ಹಾಕಿಸಲು ನಿರ್ಧರಿಸಿದೆ. ಯಾವುದನ್ನು ಹಾಕಿಸಬೇಕೆಂದು ತಿಂಗಳುಗಟ್ಟಲೆ ಓದಿದೆ, ವಿಡಿಯೋಗಳನ್ನು ನೋಡಿದೆ, ಟ್ಯಾಕ್ಸಿಯವರನ್ನು ಕೇಳಿದೆ. ಕಂಪನಿಯದೇ ಹೊಸ ಸ್ಪ್ರಿಂಗು ಮತ್ತು ಅದರ ಕುಣಿತ ತಡೆಯುವ ಶಾಕಪ್ ಹಾಕಿಸಬಹುದಿತ್ತು — ಮೆತ್ತಗಿರುತ್ತದೆ, ಆದರೆ ಎರಡು ವರ್ಷದಲ್ಲಿ ಮತ್ತೆ ಕುಸಿಯುತ್ತದೆ. ಸ್ಪ್ರಿಂಗು ಹಳೆಯದನ್ನೇ ಉಳಿಸಿಕೊಂಡು ಗ್ಯಾಸು ತುಂಬಿದ ಶಾಕಪ್ ಮಾತ್ರ ಹಾಕಿಸಬಹುದಿತ್ತು. ಇಲ್ಲವೇ, ಕಾರನ್ನೇ ಎರಡು ಬೆರಳು ಮೇಲೆತ್ತುವ ದಪ್ಪ ಸ್ಪ್ರಿಂಗು, ಜೊತೆಗೆ ಗಡಸುತನವನ್ನು ಹೆಚ್ಚು ಕಡಿಮೆ ಮಾಡಲು ಬರುವ ಶಾಕಪ್. ಈ ಕೊನೆಯದರ ತಲೆಯ ಮೇಲೆ ಒಂದು ಸಣ್ಣ ತಿರುಪಿರುತ್ತದೆ. ಬಿಗಿ ಮಾಡಿದರೆ ಗಾಡಿ ಗಡಸು, ಸಡಿಲಿಸಿದರೆ ಮೆದು. ಪ್ರತಿದಿನ ಓಡಿಸುವ ಕಾರಿಗೆ, ಕೆಟ್ಟ ರಸ್ತೆಗೆ, ಒಳಗೆ ಕುಳಿತವರ ಮೈ ಮುಖ್ಯವೆನ್ನುವವರಿಗೆ ಎರಡನೆಯದೇ ಒಳ್ಳೆಯದೆಂದು ನಾನು ಓದಿದ ಕಡೆಯಲ್ಲೆಲ್ಲ ಇತ್ತು. ನಾನು ಮೂರನೆಯದನ್ನು ಆರಿಸಿದೆ. ತಿಳಿಯದೆ ಆರಿಸಲಿಲ್ಲ. ತಳ ಉಜ್ಜಬಾರದು — ನನಗೆ ಮುಖ್ಯವಾಗಿದ್ದು ಅದೊಂದೇ.

ಹುಮನಾಬಾದಿನ ಗ್ಯಾರೇಜಿನ ಮಿಸ್ತ್ರಿ ಮಾಲನ್ನು ಕೈಯಲ್ಲಿ ತೂಗಿ ನೋಡಿ ಹೇಳಿದ: "ಸರ್, ಬಿಲ್ಕುಲ್ ಮಜಬೂತ್ ಅದ. ಖರೆ ಜರಾ ಖಡಕ್ ಆಗ್ತದ. ಆಮ್ಯಾಲ ಗಾಡಿ ಕುಣಿತದ ಅಂತ ನನ್ನ ಮ್ಯಾಲ ಬರಬ್ಯಾಡ್ರಿ."

"ಕುಣಿಯಲಿ. ಬಗ್ಗದಿದ್ದರೆ ಸಾಕು" ಎಂದೆ.

"ನಿಮ್ಮಂಗೇ ಅನ್ರಿ" ಎಂದು ಅವನು ನಕ್ಕ. ಅದನ್ನು ಹೊಗಳಿಕೆಯೆಂದೇ ತಿಳಿದೆ.

ಸೇತುವೆಯ ಮೇಲೆ ಸದ್ದು ನಿಂತಿತು. ನನಗೆ ಹಿತವಾಯಿತು. ಚಾಲಕನ ಸೀಟು ಗಾಡಿಯ ನಡುವಿಗಿರುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಮುಂಬರುವ ಗುಂಡಿ ಮೊದಲೇ ಕಾಣುತ್ತದೆ, ಮೈ ತಾನೇ ಸಿದ್ಧವಾಗುತ್ತದೆ. ಹಿಂದಿನ ಸೀಟಿರುವುದು ಹಿಂದಿನ ಚಕ್ರಗಳ ಮೇಲೆ. ಅಲ್ಲಿ ಕುಳಿತವರಿಗೆ ಗುಂಡಿ ಕಾಣುವುದಿಲ್ಲ, ಬಡಿಯುವುದು ಮಾತ್ರ ಗೊತ್ತಾಗುತ್ತದೆ. ಎಡಚಕ್ರವಂತೂ ರಸ್ತೆಯ ಮುರಿದ ಅಂಚಿನಲ್ಲೇ ಓಡುತ್ತಿತ್ತು. ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ — ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಮ್ಮೆಯೂ ಕುಳಿತಿರಲಿಲ್ಲ.

ಅಶೋಕ ತಮಾಷೆ ಮಾಡಿದ: "ವ್ಯಾಕರಣ ಮಾಸ್ತರ ಗಾಡಿ ಅಲ್ಲೇನ್ರಿ? ಮೈಯಾಗಿನ ಸಂಧಿ ಎಲ್ಲಾ ಬಿಡಿಸಾಕತ್ತದ."

ಎಲ್ಲರೂ ನಕ್ಕೆವು. ಮೇಡಂ ಕೂಡ ನಕ್ಕರು. ಅವರಿಗೆ ಆಗ ಐವತ್ತು ದಾಟಿರಲಿಲ್ಲ. ಗಂಡ ತೀರಿಕೊಂಡಿದ್ದರು, ಮಗ ಇನ್ನೂ ಓದುತ್ತಿದ್ದ. ದಿನವಿಡೀ ಹಲಗೆಯ ಮುಂದೆ ನಿಂತೇ ಕಲಿಸುವವರು. ಕಾರು ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಆ ಊರಿನ ಬಸ್ಸು ಶಾಲೆಯ ಗಂಟೆ ಬಾರಿಸಿದ ಮೇಲೆ ಬರುತ್ತಿತ್ತು. ಕೆಲವು ವಾರಗಳ ನಂತರ ಅವರು ಶಾಲೆಯ ವರಾಂಡದಲ್ಲಿ ನನ್ನನ್ನು ತಡೆದರು.

"ಸರ್, ಒಂದು ಮಾತ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಹೊಸಾ ಸ್ಪ್ರಿಂಗ್ ಹಾಕಿಸಿದಾಗಿಂದ ನನ್ನ ನಡ ಭಾಳ ನೋವಾಗಾಕತ್ತದ. ಎಡಗಾಲಿನಗುಂಟ ಕರೆಂಟ್ ಹೊಡದಂಗ ಆಗ್ತದ. ಜರಾ ಮೆತ್ತಗ ಮಾಡಾಕ ಬರ್ತದೇನು?"

ಬರುತ್ತಿತ್ತು. ಡಿಕ್ಕಿಯ ಒಳಗಿನ ಮುಚ್ಚಳ ತೆಗೆದು ಎರಡು ತಿರುಪುಗಳನ್ನು ಸಡಿಲಿಸಿದರೆ ಮುಗಿಯಿತು. ಆದರೆ ಸಡಿಲಿಸಿದರೆ ಗಾಡಿ ಸೇತುವೆಯ ಮೇಲೆ ಕುಗ್ಗುತ್ತದೆ, ತಳ ತಾಗಬಹುದು — ತಾಗಿಯೇ ತಾಗುತ್ತದೆಂದಲ್ಲ, ತಾಗಬಹುದು. ಅದಕ್ಕಿಂತ ಹೆಚ್ಚಾಗಿ, ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಆರಿಸಿದ್ದನ್ನು ಒಬ್ಬರು ಒಂದೇ ಮಾತಿನಲ್ಲಿ ತಪ್ಪೆಂದಿದ್ದರು. ಅಶೋಕನಿಗೆ ನೋವಿಲ್ಲ, ಹೆಡ್ ಮಾಸ್ತರರಿಗೆ ನೋವಿಲ್ಲ, ಇವರಿಗೊಬ್ಬರಿಗೇ ಏಕೆ? ಹೀಗೆ ಯೋಚಿಸಿದೆ. ಯೋಚಿಸಿ — ಹಲಗೆಯ ಮೇಲೆ ತಪ್ಪು ವಾಕ್ಯ ಬರೆದು ಮಕ್ಕಳನ್ನು ನೋಡುವ ಆ ಹಳೆಯ ಹುರುಪು ಬಂತು.

ಮರುದಿನ ಬೆಳಿಗ್ಗೆ ಅವರು ಕಾರು ಹತ್ತುವಾಗ, "ಮೇಡಂ, ನಿಮಗಾಗಿ ತಿರುಪನ್ನು ಪೂರ್ತಿ ಸಡಿಲಿಸಿದ್ದೇನೆ, ನೋಡಿ ಹೇಳಿ" ಎಂದೆ. ಮುಚ್ಚಳವನ್ನು ಮುಟ್ಟಿಯೂ ಇರಲಿಲ್ಲ.

ಶಾಲೆ ತಲುಪಿ ಇಳಿದಾಗ ಕೇಳಿದೆ. ಅವರು ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತರು. ಆಮೇಲೆ ಮುಖ ತುಂಬ ನಕ್ಕು ಹೇಳಿದರು: "ಹೌದ್ರಿ ಸರ್, ಭಾಳ ಫರಕ್ ಅದ. ಇವತ್ತ ಮೆತ್ತಗ ಅನಸ್ತು. ನನ್ನ ಸಲುವಾಗಿ ತಕಲೀಫ್ ತಗೊಂಡ್ರಿ."

ನನಗೆ ಬೇಕಾದ ಉತ್ತರ ಸಿಕ್ಕಿತು. ಗಾಡಿ ಎಂದಿನಂತೆಯೇ ಇದೆ, ಆದರೂ ಮೆತ್ತಗಾಯಿತು ಎನ್ನುತ್ತಾರೆ. ಅಂದಮೇಲೆ ನೋವೂ ಹೀಗೆಯೇ — ಎಂದು ತೀರ್ಮಾನಿಸಿದೆ. ಇಳಿಯುವಾಗ ಅವರು ಬಾಗಿಲನ್ನು ಏಕೆ ಹಿಡಿದುಕೊಂಡಿದ್ದರೆಂದು ನೋಡಲಿಲ್ಲ. ಇನ್ನೊಬ್ಬರ ಗಾಡಿಯಲ್ಲಿ ದಿನಾಲೂ ಕುಳಿತುಬರಬೇಕಾದ ಹೆಂಗಸು, ಗಾಡಿಯ ಯಜಮಾನ ಮುಖ ನೋಡುತ್ತ ಕೇಳಿದರೆ ಬೇರೆ ಏನು ಹೇಳಿಯಾಳು — ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲ. ಅಥವಾ, ಹೊಳೆಯಲು ನಾನು ಬಿಡಲಿಲ್ಲ.

ಅಷ್ಟಕ್ಕೇ ಸುಮ್ಮನಿರಲಿಲ್ಲ. ಅಂದೇ ಮೈದಾನದಲ್ಲಿ ಅಶೋಕನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರ ಮೇಡಂ ನೋವು ನಡದಾಗ ಇಲ್ರಿ, ತಲಿಯಾಗದ." ಆ ಮಾತು ಶಿಕ್ಷಕರ ಕೋಣೆಗೆ ಬಂತು. ಮೇಡಂ ಕುರ್ಚಿಯಿಂದ ನಿಧಾನವಾಗಿ, ಮೇಜಿಗೆ ಕೈ ಊರಿ ಏಳುವಾಗಲೆಲ್ಲ ಯಾರಾದರೊಬ್ಬರು, "ಯಾರರೆ ಮೇಡಂ ತಿರುಪು ಸಡ್ಲ ಮಾಡ್ರಪಾ" ಎನ್ನುತ್ತಿದ್ದರು. ಕೋಣೆಯೆಲ್ಲ ನಗುತ್ತಿತ್ತು. ತಮ್ಮ ವಯಸ್ಸಿನ ಬಗ್ಗೆ ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಅವರೂ ನಗುತ್ತಿದ್ದರು — ನನ್ನ ಕಡೆ ನೋಡಿಯೇ ನಗುತ್ತಿದ್ದರು. ಆ ನಗುವಿಗೆ ನಾನೂ ನಕ್ಕು ಉತ್ತರಿಸಿದ್ದೇನೆ.

ನೋವಿನ ಬಗ್ಗೆ ಅವರು ಮತ್ತೆ ನನ್ನೆದುರು ಮಾತೆತ್ತಲಿಲ್ಲ. ಹೇಗೆ ಎತ್ತಿಯಾರು? ಮೆತ್ತಗಾಯಿತೆಂದು ಬಾಯಿಬಿಟ್ಟು ಹೇಳಿಯಾಗಿತ್ತು. ಒಂದು ದಿಂಬನ್ನು ಮನೆಯಿಂದ ತಂದು ಕಾರಿನಲ್ಲಿ ಬೆನ್ನ ಹಿಂದೆ ಇಟ್ಟುಕೊಳ್ಳತೊಡಗಿದರು. ಇಳಿಯುವಾಗ ತಾವೇ ಎತ್ತಿಕೊಂಡು ಹೋಗುತ್ತಿದ್ದರು.

ಮರುವರ್ಷ ಬಸವಕಲ್ಯಾಣದಲ್ಲಿಯೇ, ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಿ ಗಣಿತದ ಜಾಗ ತೆರವಾಯಿತು. ಬೆನ್ನುಮೂಳೆಯ ತೊಂದರೆಯೆಂದು ವೈದ್ಯರಿಂದ ಬರೆಸಿಕೊಂಡು ಅವರು ವರ್ಗಾವಣೆ ಕೇಳಿದರು. ಹೆಡ್ ಮಾಸ್ತರರು ಬಲವಾಗಿ ಶಿಫಾರಸು ಮಾಡಿದರೆ ಆಗುವಂತಿತ್ತು. ಒಂದು ದಿನ ಮೇಡಂ ಆಸ್ಪತ್ರೆಗೆ ಹೋಗಿದ್ದರು. ಅಶೋಕ ಆಟದ ಮಕ್ಕಳೊಂದಿಗೆ ಬೀದರಿಗೆ ಹೋಗಿದ್ದ. ಕಾರಿನಲ್ಲಿ ನಾವಿಬ್ಬರೇ.

ಹೆಡ್ ಮಾಸ್ತರರು ಕೇಳಿದರು: "ಮಾಸ್ತರ, ಮೇಡಂ ಬೆನ್ನಿಂದು ಏನ್ ಕಥಿ? ಖರೇನೇ ಅದನೋ, ವರ್ಗಾದ ಸಲುವಾಗಿ ಹೇಳಾಕತ್ತಾರೋ? ದಿನಾ ಕರಕೊಂಡ್ ಬರ್ತೀರಿ, ನಿಮಗ ಗೊತ್ತಿರಬೇಕು."

ಅವರು ಕೆಟ್ಟವರಲ್ಲ. ನಿಜ ತಿಳಿಯಲೆಂದೇ ಕೇಳಿದರು. ನನ್ನ ಮಾತಿಗೆ ತೂಕವಿದೆಯೆಂದು ನಂಬಿ ಕೇಳಿದರು. ನಾನು ತಿರುಪಿನ ಪರೀಕ್ಷೆಯ ಕಥೆಯನ್ನು ಮೊದಲಿನಿಂದ ಹೇಳಿ ಕೊನೆಗೆ ಹೀಗೆಂದೆ: "ಇಲ್ಲದ ಆರಾಮನ್ನು ಇದೆ ಎನ್ನುವವರು ಇಲ್ಲದ ನೋವನ್ನೂ ಇದೆ ಎನ್ನಬಹುದು, ಸರ್."

ಆ ವಾಕ್ಯವನ್ನು ಕಟ್ಟಿದ ಬಗೆಗೆ — ಇದನ್ನೂ ಹೇಳಿಬಿಡುತ್ತೇನೆ — ನನಗೆ ಹೆಮ್ಮೆಯಾಯಿತು. ಒಂದು ಪದವೂ ಹೆಚ್ಚಿಲ್ಲ, ಒಂದು ಪದವೂ ಕಡಿಮೆಯಿಲ್ಲ ಎಂದುಕೊಂಡೆ.

ಶಿಫಾರಸು ಹೋಗಲಿಲ್ಲ. ಇನ್ನೊಬ್ಬರ ತೊಂದರೆ ಇನ್ನೂ ದೊಡ್ಡದು, ಮುಂದಿನ ವರ್ಷ ನೋಡೋಣ ಎಂದು ಹೆಡ್ ಮಾಸ್ತರರು ಮೇಡಂಗೆ ಹೇಳಿದರು. ಆ ಜಾಗಕ್ಕೆ ಬೇರೆಯವರು ಬಂದರು. ಮೇಡಂ ಮತ್ತೆ ನನ್ನ ಕಾರು ಹತ್ತಿದರು, ದಿಂಬನ್ನು ಸರಿಮಾಡಿಕೊಂಡು, ಎಡಮಗ್ಗುಲಿಗೆ.

ಒಂದು ಬೆಳಿಗ್ಗೆ ಅವರಿಗೆ ಎಡಪಾದವನ್ನು ಎತ್ತಲಾಗಲಿಲ್ಲ. ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು, ಶಸ್ತ್ರಚಿಕಿತ್ಸೆಯಾಯಿತು, ನೋವು ಇಳಿಯಿತು, ಪಾದದ ಬಲ ಮಾತ್ರ ಮರಳಲಿಲ್ಲ. ನಡೆದರೆ ಪಾದ ನೆಲಕ್ಕೆ ಉಜ್ಜುತ್ತದೆ. ಹಲಗೆಯ ಮುಂದೆ ನಿಲ್ಲಲಾಗದ ಮೇಲೆ ಅವರು ಸ್ವಯಂನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಯ ಸಭೆಯಲ್ಲಿ ನಾನು ಮಾತನಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದಕ್ಕೆ ರಸ್ತೆ ಕಾರಣವೋ, ಗಾಡಿ ಕಾರಣವೋ, ವಯಸ್ಸೋ ಎಂದು ಹೇಳಲಾಗದೆಂದು ವೈದ್ಯರು ಅಂದರಂತೆ. ಆ ಮಾತಿನ ನೆರಳಿನಲ್ಲಿ ನಾನು ಬಹಳ ಕಾಲ ಕುಳಿತೆ. ಆದರೆ ಅವರು ಬಸವಕಲ್ಯಾಣದ ಶಾಲೆಗೆ ಹೋಗಿದ್ದರೆ — ಆ ರಸ್ತೆಯೂ ಇರುತ್ತಿರಲಿಲ್ಲ, ನನ್ನ ಗಾಡಿಯೂ ಇರುತ್ತಿರಲಿಲ್ಲ. ಆ ಬಾಗಿಲನ್ನು ಮುಚ್ಚಿದವನು ವೈದ್ಯನಲ್ಲ, ವಯಸ್ಸಲ್ಲ.

ಮೇಡಂ ಶಾಲೆ ಬಿಟ್ಟ ಮೇಲೆ ಒಮ್ಮೆ ನನ್ನ ಬಲಗೈ ಮಣಿಕಟ್ಟು ಉಳುಕಿತು. ಕೆಲವು ದಿನ ಅಶೋಕ ಕಾರು ಓಡಿಸಿದ. ಹೆಡ್ ಮಾಸ್ತರರು ಎಂದಿನಂತೆ ಮುಂದೆ ಕುಳಿತರು. ನಾನು ಹಿಂದೆ, ಎಡಕ್ಕೆ. ಹುಡಗಿ ದಾಟುವವರೆಗೆ ಏನೂ ಅನಿಸಲಿಲ್ಲ. ಒಳರಸ್ತೆಗೆ ತಿರುಗಿದ ಮೇಲೆ ಮೊದಲ ಏಟು ಬೆನ್ನಿನ ತಳದಿಂದ ಹಲ್ಲಿನವರೆಗೆ ಬಂತು. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ. ಸೀಟಿನ ಅಂಚನ್ನು ಒಂದೇ ಕೈಯಿಂದ ಹಿಡಿದುಕೊಂಡು ಶಾಲೆ ತಲುಪಿದಾಗ, ಇಳಿಯಲು ಬಾಗಿಲನ್ನು ಹಿಡಿದುಕೊಳ್ಳಬೇಕಾಯಿತು. ಆ ಭಾನುವಾರವೇ ಎಡಗೈಯಿಂದಲೇ ಮುಚ್ಚಳ ತೆಗೆದು ತಿರುಪುಗಳನ್ನು ಸಡಿಲಿಸಿದೆ. ಟೀ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಸೋಮವಾರ ಗಾಡಿ ನಿಜವಾಗಿಯೂ ಮೆತ್ತಗಿತ್ತು. ಸೇತುವೆಯ ಮೇಲೆ ತಳವೂ ತಾಗಲಿಲ್ಲ.

ಅವರಿಗಾಗಿ ಮಾಡದ್ದನ್ನು ನನಗಾಗಿ ಮಾಡಿಕೊಂಡೆ. ಮಾಡಿಕೊಂಡ ಮೇಲೂ ಯಾರಿಗೂ ಏನೂ ಹೇಳಲಿಲ್ಲ — ಹೆಡ್ ಮಾಸ್ತರರಿಗೂ ಇಲ್ಲ. ಅವರು ನಿವೃತ್ತರಾದರು, ಹೇಳಲಿಲ್ಲ. ಹೋದ ವರ್ಷ ತೀರಿಕೊಂಡರು. ಅವರ ಅಂತ್ಯಸಂಸ್ಕಾರಕ್ಕೆ ಹಳೆಯ ಸಹೋದ್ಯೋಗಿಗಳೆಲ್ಲ ಬಂದಿದ್ದರು, ಸುಶೀಲಾ ಮೇಡಂ ಒಬ್ಬರನ್ನು ಬಿಟ್ಟು. ಕಾಲಿನ ಕಾರಣಕ್ಕೆ ಬಂದಿಲ್ಲವೆಂದುಕೊಂಡೆ.

ಕೆಲವು ತಿಂಗಳ ಹಿಂದೆ ಮೇಡಂ ಮನೆಗೆ ಹೋದೆ. ಹೇಳಲೆಂದೇ ಹೋದೆ. ಸೊಸೆ ನೀರು ತಂದುಕೊಟ್ಟಳು. ಮೇಡಂ ಗೋಡೆ ಹಿಡಿದುಕೊಂಡು ಬಂದು ಕುಳಿತು, ನಾನು ಬಾಯಿ ತೆರೆಯುವ ಮೊದಲೇ ಸೊಸೆಗೆ ನನ್ನ ಪರಿಚಯ ಮಾಡಿಕೊಟ್ಟರು: "ಇವರೇ ನೋಡವ್ವಾ, ನಾ ಹೇಳ್ತಿದ್ನಲ್ಲ. ನನ್ನ ನಡ ನೋಯ್ತದ ಅಂದಿದ್ದಕ್ಕ ತಮ್ಮ ಗಾಡಿನೇ ಮೆತ್ತಗ ಮಾಡಿದ ಸರ್. ಆ ಸಾಲ್ಯಾಗ ನನ್ನ ನೋವು ಖರೆ ಅಂತ ತಿಳಕೊಂಡವರು ಇವರೊಬ್ಬರೇ."

ಆಗ ಹೇಳಿದೆ. ತಿರುಪನ್ನು ಮುಟ್ಟಿರಲಿಲ್ಲವೆಂದು ಹೇಳಿದೆ. ಶಿಕ್ಷಕರ ಕೋಣೆಯ ನಗು ಎಲ್ಲಿಂದ ಹುಟ್ಟಿತೆಂದು ಹೇಳಿದೆ. ಹೆಡ್ ಮಾಸ್ತರರಿಗೆ ಹೇಳಿದ ವಾಕ್ಯವನ್ನೂ ಹಾಗೆಯೇ, ಒಂದು ಪದವನ್ನೂ ಮೆದುಗೊಳಿಸದೆ ಹೇಳಿದೆ. ಸೊಸೆ ಖಾಲಿ ಲೋಟವನ್ನು ಹಿಡಿದುಕೊಂಡು ನಿಂತೇ ಇದ್ದಳು.

ಮೇಡಂ ತಮ್ಮ ಪಾದವನ್ನು ನೋಡುತ್ತ ಹೇಳಿದರು: "ಅವತ್ತ ನನಗೂ ಏನೂ ಫರಕ್ ಅನಸಿದ್ದಿಲ್ರಿ. ನೀವು ನನ್ನ ಸಲುವಾಗಿ ಕಷ್ಟ ಪಟ್ಟೀರಿ, ಮನಸ್ಸಿಗಿ ಬ್ಯಾಸರ ಆಗಬಾರದು ಅಂತ ಹಂಗಂದೆ."

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು; ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ ಅವರಿಗೆ. ಅದನ್ನೂ ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಹೆಡ್ ಮಾಸ್ತರ ಬೇಕಂತ ಶಿಫಾರಸು ಬರೀಲಿಲ್ಲ ಅಂತ ತಿಳದಿದ್ದೆ" ಎಂದರು. "ಇಷ್ಟ ವರ್ಷ ಅವರನ್ನೇ ಬೈಕೊಂಡು ಕುಂತಿದ್ದೆ. ಹೋದ ವರ್ಷ ಸತ್ತಾಗ ಮಾರಿ ನೋಡಾಕ ಬರ್ರಿ ಅಂತ ಅವರ ಮನಿಯವರು ಗಾಡಿ ಕಳಿಸಿದ್ರು. ನಾ ಹೋಗಲಿಲ್ಲ. ಈಗ ಯಾರ ಮುಂದ ಹೋಗಿ ಏನಂತ ಹೇಳ್ಲಿ?"

ನನ್ನ ಮಾತು ಅವರ ಕಾಲನ್ನಷ್ಟೇ ತೆಗೆದುಕೊಂಡಿತೆಂದು ತಿಳಿದಿದ್ದೆ. ಸತ್ತವರೊಬ್ಬರ ಮನೆಯ ಬಾಗಿಲವರೆಗೂ ಅದು ಹೋಗಿ ನಿಂತಿತ್ತೆಂದು ತಿಳಿದಿರಲಿಲ್ಲ. ಹೇಳಿ ಭಾರ ಇಳಿಸಿಕೊಳ್ಳಲು ಹೋದವನು ಅವರ ಮೇಲೆ ಇನ್ನೊಂದು ಭಾರ ಹೊರಿಸಿದ್ದೆ. ಇದ್ದೊಂದು ಸಮಾಧಾನವನ್ನೂ — ಆ ಶಾಲೆಯಲ್ಲಿ ಒಬ್ಬರಾದರೂ ತಮ್ಮನ್ನು ನಂಬಿದ್ದರು ಎಂಬುದನ್ನೂ — ಎದುರು ಕುಳಿತೇ ಕಸಿದುಕೊಂಡಿದ್ದೆ.

ಅವರು ಗೋಡೆಗೆ ಕೈ ಊರಿ ಎದ್ದರು. ಕೈ ಕೊಡಲು ನಾನೂ ಎದ್ದೆ, ಬೇಡವೆಂದು ತಲೆಯಾಡಿಸಿದರು.

"ಸರ್ ಹೊಂಟಾರ" ಎಂದು ಸೊಸೆಗೆ ಹೇಳಿದರು. ನನ್ನ ಕಡೆ ನೋಡದೆ, "ಇನ್ನ ಬರಬ್ಯಾಡ್ರಿ, ಸರ್" ಎಂದರು. ಆಗಲೂ ಮಾತಿನ ಕೊನೆಯ ಗೌರವದ "ರಿ" ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಹಿಂದೆ ಆ ಪಾದ ನೆಲಕ್ಕೆ ಉಜ್ಜುತ್ತ ಒಳಕೋಣೆಗೆ ಹೋಗುವ ಸದ್ದು ಕೇಳಿಸಿತು. ಅದು ನಿಲ್ಲುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ. ಆಮೇಲೆ ಸೊಸೆ ಬಂದು ಬಾಗಿಲು ಹಾಕಿಕೊಂಡಳು. ನಾನು ಮತ್ತೆ ಹೋಗಿಲ್ಲ, ಹೋಗುವುದೂ ಇಲ್ಲ.